ಹಂದಿಗಳಿಗಷ್ಟೇ ಹೇಳುವ ಬಂದೂಕಿನ ಗುಟ್ಟು

ಸಂತೇಬೆನ್ನೂರು ಸೀಮೆಯ ಸಮಸ್ತ ಕಾಡುಹಂದಿಗಳೇ, ಮೆಕ್ಕೆಜೋಳದ ಹೊಲಗಳ ಸಾರ್ವಭೌಮರೇ, ಸಾವಧಾನವಾಗಿ ಆಲಿಸಿ!

ಇವತ್ತು ಚನ್ನಗಿರಿಯ ಪೇಂಟ್ ಅಂಗಡಿಯಲ್ಲಿ ತಿನ್ನರ್ ವಾಸನೆ ಮೂಗಿಗೆ ಬಡಿಯಿತು ನೋಡಿ, ನೆನಪಿನಲ್ಲಿ ನೇರ ನಮ್ಮ ಪಡಸಾಲೆಗೇ ಹೋಗಿ ಬಿದ್ದೆ. ನಾನಿನ್ನೂ ಚಿಕ್ಕವಳಿದ್ದಾಗಿನ ಆಯುಧಪೂಜೆಯ ಬೆಳಗ್ಗೆ. ನಿಮ್ಮ ಕುಲವನ್ನು ಬೆದರಿಸುವ ಲೈಸೆನ್ಸ್ ಬಂದೂಕನ್ನು ಅಜ್ಜ ಹಳೇ ಪಂಚೆಯ ತುಂಡಿಗೆ ಸೀಮೆಎಣ್ಣೆ ಹಾಕಿಕೊಂಡು ತಿಕ್ಕುತ್ತಿದ್ದರು. ಮರದ ಹಿಡಿಗೆ ಅವರಪ್ಪ ಬಳಿದಿದ್ದ ವಾರ್ನಿಷ್ ಅಂದರೆ ಅವರಿಗೆ ಪ್ರಾಣ. ಅದೇ ವಾರ್ನಿಷ್ ಬಟ್ಟೆಗೆ ಅಂಟಿಕೊಂಡು ಕಿತ್ತು ಬಂತು!

"ಅಯ್ಯೋ, ರೇಷನ್ ಎಣ್ಣೀಗೂ ಕಲಬೆರಕೆ ಮಾಡ್ಯಾರಲ್ಲೇ!" ಅಜ್ಜನ ಕಣ್ಣು ತುಂಬಿತು.

"ಹಂದಿ ಓಡ್ಸಾಕೆ ನಿಮ್ ಬಾಯೇ ಸಾಕು, ಬಿಡ್ರೀ," ಎಂದಳು ಅಜ್ಜಿ.

ಇವತ್ತಿಗೂ ಅಜ್ಜ ಆ ರೇಷನ್ ಅಂಗಡಿಯವನನ್ನು ಮಾತಾಡಿಸುವುದಿಲ್ಲ. ಸೀಮೆಎಣ್ಣೆ ಚೆಲ್ಲಿಬಿಟ್ಟು, ಬೈಗುಳಕ್ಕೆ ಹೆದರಿ ಅದೇ ಬಾಟಲಿಗೆ ಕಿಟಕಿ ಬಣ್ಣ ಕರಗಿಸಲು ತಂದಿದ್ದ ತಿನ್ನರ್ ತುಂಬಿಟ್ಟವಳು ನಾನು. ಹೇಳಬೇಡಿ, ಹಂದಿಗಳೇ.