ದಿಂಬಿನಾಕಾರದ ವಜ್ರಗಳು

ದಿಂಬಿನ ಆಕಾರದಲ್ಲಿ ಕತ್ತರಿಸಿದ ವಜ್ರ ಎಂಬುದೊಂದಿದೆ ಎಂದು ಮೊನ್ನೆಮೊನ್ನೆಯವರೆಗೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಬದುಕು ಸುಸೂತ್ರವಾಗಿಯೇ ಸಾಗಿತ್ತು ಅನ್ನಿ. ಮರಳೂರಿನಲ್ಲಿ ನೆಲದ ಟೈಲ್ಸ್ ಮಾರುವವನಿಗೆ ದಿಂಬು ಎಂದರೆ ಮಧ್ಯಾಹ್ನ ಊಟವಾದ ಮೇಲೆ ತಲೆಗೆ ಬೇಕಾಗುವ ವಸ್ತು. ವಜ್ರ ಎಂದರೆ ಯಾರದೋ ಮದುವೆಯಲ್ಲಿ ಯಾರದೋ ಕಿವಿಯಲ್ಲಿ ಕಾಣುವ ವಸ್ತು. ಎರಡೂ ಒಂದೆಡೆ ಸೇರಿದ್ದು ಮಗಳು ಚೈತ್ರಳ ನಿಶ್ಚಿತಾರ್ಥ ಗೊತ್ತಾದಾಗ. ಹುಡುಗ ಕುಣಿಗಲ್ಲಿನವನು. "ಉಂಗುರ ಅವ್ಳೇ ಆರಿಸ್ಕೊಳ್ಲಿ ಮಾವ, ಹಾಕ್ಕೊಳೋಳು ಅವ್ಳು ತಾನೇ" ಎಂದು ಫೋನಿನಲ್ಲಿ ಹೇಳಿ ಆವತ್ತೇ ನನ್ನ ಮೆಚ್ಚುಗೆ ಗಿಟ್ಟಿಸಿಕೊಂಡ.

ಚೈತ್ರಳದು ಮಾತ್ರ ಒಂದೇ ಹಟ. ಅಜ್ಜಿ ಅಂಗಡಿಗೆ ಬರಬೇಕು, ಉಂಗುರವನ್ನು ಕಣ್ಣಾರೆ ನೋಡಬೇಕು. ಅಜ್ಜಿ ಎಂದರೆ ನನ್ನ ಅವ್ವ, ಗುಬ್ಬಿಯ ಹೆಣ್ಣು. ನಾನು ಅಂಗಡಿಗೂ ನನ್ನ ಹೆಂಡತಿ ಅಂತರಸನಹಳ್ಳಿಯ ಫ್ಯಾಕ್ಟರಿಗೂ ಓಡುತ್ತಿದ್ದ ಕಾಲದಲ್ಲಿ ಈ ಹುಡುಗಿಗೆ ಜಡೆ ಹೆಣೆದು, ಹಣೆಗೆ ವಿಭೂತಿ ಇಟ್ಟು, ಸ್ಕೂಲಿಗೆ ಕಳಿಸಿದವಳು ಅವಳು. ಈಗ ಅವ್ವನ ಕಣ್ಣಿನ ನರ ಸೊರಗುತ್ತಿದೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ, ಬಂದವರು ಬಿಳಿ ಪಂಚೆಯವರೋ ಅಲ್ಲವೋ, ಇಷ್ಟು ತಿಳಿಯುತ್ತದೆ. ಮಿಕ್ಕಿದ್ದಕ್ಕೆಲ್ಲ ಅವ್ವ "ಚೆನ್ನಾಗೈತೆ" ಎಂದುಬಿಡುತ್ತಾಳೆ. ಸೀರೆ ತೋರಿಸಿದರೂ ಅದೇ, ಸೀರೆ ಬಂದ ರಟ್ಟಿನ ಡಬ್ಬಿ ತೋರಿಸಿದರೂ ಅದೇ. ನಮಗೆ ಬೇಸರವಾಗದಿರಲಿ ಎಂದು ಹೇಳುತ್ತಾಳೆ, ಅದೇ ನಮಗೆ ಹೆಚ್ಚು ಸಂಕಟ. ಉಂಗುರವನ್ನಾದರೂ ಅವಳು ನಿಜವಾಗಿ ನೋಡಲಿ ಎಂಬುದು ಮಗಳ ಆಸೆ. ಕಡಲೆಬೇಳೆಯಷ್ಟು ಕಲ್ಲು ಅವ್ವನಿಗೆ ಕಾಣುವುದುಂಟೇ ಎಂಬ ಅಳುಕು ನನ್ನದು.

ತುಮಕೂರಿನ ಪೇಟೆಯ ಅಂಗಡಿಯಲ್ಲಿ ನೋಡಿ ನೋಡಿ ಕೊನೆಗೆ ಎರಡು ಉಂಗುರ ಉಳಿದವು. ಎರಡರಲ್ಲೂ ಮೂಲೆ ದುಂಡಗಾದ ಚೌಕದ ಕಲ್ಲು, ಹೊಸ ದಿಂಬಿನ ಹಾಗೆ. ಗಾತ್ರ ಒಂದೇ, ಬಣ್ಣ ಒಂದೇ. ಆದರೆ ಮುಖಲಕ್ಷಣ ಮಾತ್ರ ಬೇರೆಬೇರೆ. ಒಂದರ ತುಂಬ ಐಸನ್ನು ಕುಟ್ಟಿ ಪುಡಿ ಮಾಡಿ ತುಂಬಿದಂತೆ ಚೂರುಚೂರು ಹೊಳಪು. ಇನ್ನೊಂದರಲ್ಲಿ ಕೆಲವೇ ಕೆಲವು ಅಗಲವಾದ ಹೊಳಪು, ನಡುನಡುವೆ ಕಪ್ಪು. ಚೈತ್ರ ಮೊದಲನೆಯದಕ್ಕೆ ಮನಸೋತಳು. ಕಳ್ಳನನ್ನು ಹಿಡಿದವನ ಗತ್ತಿನಲ್ಲಿ ನಾನು ಎರಡನೆಯದನ್ನು ತೋರಿಸಿ, "ಇದೇನಮ್ಮ, ಇದ್ರೊಳಗೆ ಕಪ್ಪು ಐತಲ್ಲ?" ಎಂದೆ.

ಅಂಗಡಿಯ ಹುಡುಗಿ ನಕ್ಕಳು. "ಡ್ಯಾಮೇಜ್ ಅಲ್ಲ ಸರ್, ಅದು ಕಟಿಂಗು. ಕೆಳಗಡೆ ಮುಖಗಳ್ನ ಇದ್ರಲ್ಲಿ ದೊಡ್ಡದಾಗಿ ಕಟ್ ಮಾಡಿದಾರೆ, ಅದ್ರಲ್ಲಿ ಸಣ್ಣಸಣ್ಣದಾಗಿ."

ಇಷ್ಟು ಸಾಕಾಯಿತು, ನಾನು ಯೋಚನೆಗೆ ಬಿದ್ದೆ. ವಜ್ರಕ್ಕೆ ಸ್ವಂತ ಬೆಳಕು ಎಂಬುದಿಲ್ಲ. ಮೇಲಿನಿಂದ ಬಂದದ್ದನ್ನು ಒಳಗಿನ ಗೋಡೆಗಳಿಗೆ ತಾಗಿಸಿ ವಾಪಸ್ಸು ಕಳಿಸುವುದಷ್ಟೇ ಅದರ ಕೆಲಸ. ಗೋಡೆ ಸಣ್ಣವಾದರೆ ಬೆಳಕು ನೂರು ಚೂರಾಗಿ ಬರುತ್ತದೆ. ದೊಡ್ಡವಾದರೆ ಇಡಿಯಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಆ ಬಾರದಿರುವುದೇ ಕಪ್ಪು. ನನ್ನ ಅಂಗಡಿಯಲ್ಲೂ ಇದೇ ಕಥೆ. ಬೆರಳುಗುರಿನಷ್ಟು ತುಣುಕುಗಳನ್ನು ಜೋಡಿಸಿದ ಗೋಡೆ ಹತ್ತಿರದಿಂದ ಚೆಂದ, ಬೀದಿಯಿಂದ ನೋಡಿದರೆ ಬರೀ ಬೂದು. ಇಷ್ಟು ವರ್ಷ ಇದನ್ನೇ ಮಾರಿದವನಿಗೆ ಕಲ್ಲಿನಲ್ಲೂ ಹಾಗೆಯೇ ಎಂದು ಹೊಳೆದಿರಲಿಲ್ಲ. ಯಾವನೋ ಪುಣ್ಯಾತ್ಮ, ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು, ಸಾಸಿವೆಗಿಂತ ಸಣ್ಣ ಗೋಡೆಗಳನ್ನು ಇಷ್ಟು ಓರೆಯಾಗಿ ಉಜ್ಜಿದ್ದಾನಲ್ಲ ಎಂದು ನೆನೆದು ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟರಲ್ಲಿ ಚೈತ್ರ ಐಸಿನಂಥ ಉಂಗುರ ತೊಟ್ಟು ಕೈಯನ್ನು ಅಜ್ಜಿಯ ಮುಂದೆ ಚಾಚಿದ್ದಳು. "ಚೆನ್ನಾಗೈತೆ ಕಣವ್ವ, ತಕೋ" ಎಂದಳು ಅವ್ವ. ಅವಳು ನೋಡುತ್ತಿದ್ದದ್ದು ಮೊಮ್ಮಗಳ ಮೊಣಕೈಯನ್ನು. ಮಗಳ ಮುಖ ಇಷ್ಟಗಲವಿದ್ದದ್ದು ಇಷ್ಟಾಯಿತು. ಅದನ್ನು ತೆಗೆದಿಟ್ಟಳು. ಅಂಗಡಿಯ ಹುಡುಗಿ "ಇದನ್ನೂ ಒಂದ್ಸಲ ಹಾಕ್ನೋಡಿ ಮೇಡಂ" ಎಂದದ್ದಕ್ಕೆ ಬೇಡವೆನ್ನಲಾಗದೆ ಎರಡನೆಯದನ್ನು ತೊಟ್ಟು, ದೀಪದ ಕೆಳಗೆ ಸುಮ್ಮನೆ ಕೈ ತಿರುಗಿಸಿದಳು.

"ಏನ್ಲಾ ಅದು, ಮಿಣಕ್ ಅಂತು?" ಎಂದಳು ಅವ್ವ.

ಚೈತ್ರ ಕೈಯನ್ನು ಎಡಕ್ಕೆ ಸರಿಸಿದಳು. ಅವ್ವನ ಮುಖ ಎಡಕ್ಕೆ ತಿರುಗಿತು. ಬಲಕ್ಕೆ ತಂದಳು. ಮುಖವೂ ಬಲಕ್ಕೆ ಬಂತು. ನಾನು ದೂರು ಹೇಳಿದ್ದ ಆ ಕಪ್ಪಿನಿಂದಲೇ ಅಗಲವಾದ ಹೊಳಪು ದೀಪ ಹಾಕಿ ಆರಿಸಿದ ಹಾಗೆ ಎದ್ದು ಕಾಣುತ್ತಿತ್ತು. ಚೂರುಚೂರು ಹೊಳಪು ಅವ್ವನಿಗೆ ಬರೀ ಮಂಜಾಗಿತ್ತು. ಇದು ಅವಳ ಕಣ್ಣಿನವರೆಗೂ ಹೋಗಿ ಮುಟ್ಟಿತ್ತು.

"ಇದೇ ಇರ್ಲಿ ಅಪ್ಪ" ಎಂದಳು ಚೈತ್ರ.

"ನಿಂಗೆ ಇಷ್ಟ ಆಗಿದ್ದು ಅದಲ್ವೇನೇ?"

"ನಂಗೆ ಎರಡೂ ಕಾಣ್ತವಲ್ಲಪ್ಪ."

ಬಿಲ್ ಮಾಡಲು ಅಂಗಡಿಯ ಹುಡುಗಿ ಉಂಗುರ ಕೇಳಿದಳು. ಅವ್ವ ಮೊಮ್ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಬಿಡಲಿಲ್ಲ.

"ತಡಿಯವ್ವ, ಇನ್ನೊಂದ್ಕಿತ ತಿರುಗ್ಸು, ನೋಡಾಣ."