ಯುಗಾದಿಯಿಂದ ಶ್ರಾವಣದವರೆಗಿನ ಗಂಡ

ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ನನಗೆ ಗಂಡನಿದ್ದ. ಮಿಕ್ಕ ಎಂಟು ತಿಂಗಳು ನಮ್ಮವರು ಚನ್ನಪಟ್ಟಣದ ಸೊತ್ತು. ಅವರು ದಸರೆಯಲ್ಲಿ ಮಹಾರಾಜರ ಮುಂದೆ ಕುಸ್ತಿ ಹಿಡಿಯುವ ಪೈಲ್ವಾನರು. ಶ್ರಾವಣದಲ್ಲಿ ಗರಡಿಮನೆ ಸೇರಿದರೆ ದಸರೆ ಮುಗಿದು, ಆಮೇಲೆ ಊರೂರಿನ ಕುಸ್ತಿಗಳೂ ಮುಗಿದು, ಯುಗಾದಿ ಬರುವವರೆಗೆ ಉಣ್ಣುವುದೂ ಮಲಗುವುದೂ ಅಲ್ಲಿಯೇ. ಹೆಂಡತಿಯ ನೆರಳೂ ಬೀಳಬಾರದು. ಯುಗಾದಿಯಿಂದ ಶ್ರಾವಣದವರೆಗಿನ ಕಾಲವನ್ನು ಬಿಡುವು ಎನ್ನುತ್ತಿದ್ದರು. ಯಾರಿಗೆ ಬಿಡುವು ಎಂದು ನಾನು ನನ್ನಷ್ಟಕ್ಕೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ನಾನು ಕುದೂರಿನ ಕಡೆಯವಳು. ನಮ್ಮಲ್ಲಿ ಗರಡಿ ಇರಲಿಲ್ಲ. ಹುಡುಗರು ಹೊಲದಲ್ಲೇ ಬೇಕಾದಷ್ಟು ಮಣ್ಣಾಗುತ್ತಿದ್ದರು, ಅದಕ್ಕೆಂದು ಬೇರೆ ಮನೆ ಕಟ್ಟುತ್ತಿರಲಿಲ್ಲ. ಚನ್ನಪಟ್ಟಣಕ್ಕೆ ಬಂದ ಮೇಲೆ ತಿಳಿಯಿತು, ಪೈಲ್ವಾನನೆಂದರೆ ಊರು ಸಾಕುವ ಆಸ್ತಿ ಎಂದು. ನಾವಿದ್ದ ಮನೆ ರೇಷ್ಮೆ ವ್ಯಾಪಾರದ ಯಜಮಾನರೊಬ್ಬರದು, ಗರಡಿ ನಡೆಯುತ್ತಿದ್ದುದೂ ಅವರ ದುಡ್ಡಿನಲ್ಲೇ. ಹಾಲು ದಿನಕ್ಕೊಂದು ಮನೆಯಿಂದ ಸರದಿಯ ಮೇಲೆ ಬರುತ್ತಿತ್ತು. ತಂದವರು ಚೊಂಬು ಕೊಟ್ಟು ಹೋಗುತ್ತಿರಲಿಲ್ಲ. ನಮ್ಮವರು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತು, ಆಮೇಲೆ ತೋಳು ಹಿಸುಕಿ, ತೊಡೆ ತಟ್ಟಿ, ಹೋದ ವಾರಕ್ಕಿಂತ ಹೇಗಿದೆ ಎಂದು ತಮ್ಮ ತಮ್ಮಲ್ಲೇ ಚರ್ಚೆ ಮಾಡುತ್ತಿದ್ದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಿಗಾದರೂ ಮನೆಗೆ ಹೋಗುವ ಅವಸರ ಇರುತ್ತದೆ. ಇವರಿಗೆ ಅದೂ ಇರಲಿಲ್ಲ.

ಗರಡಿಯಲ್ಲಾದರೆ ಕುಸ್ತಿ ಕಲಿಸುವ ಉಸ್ತಾದರು ಈ ಜನರನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದರು. ಬಿಡುವಿನಲ್ಲಿ ಅಂಥವರು ಯಾರೂ ಇಲ್ಲ. ಬೆಳಗಾದರೆ ಜಗುಲಿಯ ತುಂಬ ಜನ. ಏನು ಉಂಡರು, ಎಷ್ಟು ಹೊತ್ತಿಗೆ ಎದ್ದರು, ಯಾಕೆ ಕಣ್ಣು ಕೆಂಪಗಿದೆ. ನಾನು ಒಳಗೆ ಒಲೆಯ ಮುಂದೆ ಕೂತು, ಗಟ್ಟಿಯಾಗಿ ಒಂದು ಮಾತು ಆಡಲಾರದೆ, ಸಾರಿನ ಒಗ್ಗರಣೆಯನ್ನೂ ಸದ್ದಾಗದಂತೆ ಹಾಕುತ್ತಿದ್ದೆ. ತೌರಿಗೆ ಹೋಗೋಣವೆಂದರೆ, ಪೈಲ್ವಾನನ ಮನೆಯ ಬಾಗಿಲು ಹಾಕಿರಬಾರದು, ದೀಪ ಆರಬಾರದು. ಗಂಡ ಮನೆಯಲ್ಲಿಲ್ಲದ ಎಂಟು ತಿಂಗಳೂ ನಾನು ಆ ಬಾಗಿಲು ಕಾಯಬೇಕು. ಇದನ್ನು ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಮದುವೆಯಾದ ಆರನೆಯ ವರ್ಷ ಅವರು ಎಡಮಂಡಿ ಊದಿಸಿಕೊಂಡು ಮನೆಗೆ ಬಂದರು. ಗೆದ್ದೇ ಬಂದಿದ್ದರು, ಆದರೆ ನಿದ್ದೆ ಬಿಟ್ಟುಹೋಗಿತ್ತು. ಒಂದು ಮಧ್ಯಾಹ್ನ ಎಣ್ಣೆ ತಿಕ್ಕುತ್ತಿದ್ದಾಗ ಮೆಲ್ಲಗೆ ಹೇಳಿದರು.

"ಒಸಿ ಹೆಂಡ ಸಿಕ್ಕಿದ್ರೆ ಈ ಕಾಲು ಮರ್ತು ಮಲೀಕತೀನಿ ಕಣಮ್ಮಿ."

"ಉಸ್ತಾದ್ರು ಒಪ್ತಾರಾ?"

"ಅವ್ರನ್ನ ಯಾರು ಕೇಳ್ತಾರೆ? ಎತ್ತಿಗೂ ಉಳುಮೆ ಮುಗುದ್ಮೇಲೆ ನೊಗ ಬಿಚ್ತಾರೆ. ನಂಗೆ ಬಿಚ್ಬಾರ್ದಾ?"

ಹೆಂಡ ನಾನೇ ತರುವುದೆಂದು ಮನಸ್ಸು ಮಾಡಿದೆ. ಅವರು ಹೆಂಡದಂಗಡಿಗೆ ಹೋಗುವಂತಿಲ್ಲ, ಬೀದಿಯ ತುದಿ ತಲುಪುವ ಮೊದಲೇ ಸುದ್ದಿ ಯಜಮಾನರ ಮನೆ ತಲುಪುತ್ತದೆ. ಕೆರೆಯಲ್ಲಿ ಬಟ್ಟೆ ಒಗೆಯುವಾಗ ಈಚಲ ತೋಪಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಗಂಡ ಹೆಂಡ ಇಳಿಸುವವನು. ಅಪ್ಪದ ಹಿಟ್ಟು ಹುಳಿ ಬರಲು ಬೇಕು ಎಂದು ಕೇಳಿದೆ. ಎಷ್ಟು ಜನಕ್ಕೆ ಅಪ್ಪ ಎಂದು ಅವಳು ಕೇಳಿದಳು. ಇಬ್ಬರಿಗೆ ಎಂದೆ. ಅವಳು ನಕ್ಕು ದೊಡ್ಡ ಚೊಂಬನ್ನೇ ತುಂಬಿ ಕೊಟ್ಟಳು. ಒದ್ದೆ ಬಟ್ಟೆಯ ಕೆಳಗಿಟ್ಟು ಮನೆಗೆ ತಂದೆ.

ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದ ಹೊತ್ತು ನಾವೂ ಬಾಗಿಲು ಹಾಕಿದೆವು. ಕುಡಿದ ಮೇಲೆ ಅವರು ಬೇರೆ ಮನುಷ್ಯರೇ ಆದರು. ಯಜಮಾನರು ಹೊಟ್ಟೆ ಮುಂದೆ ಮಾಡಿಕೊಂಡು ಜಗುಲಿ ಹತ್ತುವುದನ್ನು ನಡೆದು ತೋರಿಸಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಮೈಸೂರಿನಲ್ಲಿ ಅಖಾಡಕ್ಕೆ ಇಳಿಯುವ ಮುಂಚೆ ತಮಗೆ ವಾಂತಿಯಾಗುತ್ತದೆ, ಪ್ರತಿ ಸಲವೂ ಹಾಗೆಯೇ, ಯಾರಿಗೂ ಹೇಳಿಲ್ಲ ಎಂದರು. ಆರು ವರ್ಷದಲ್ಲಿ ಅವರು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೂ ಎರಡು ಗುಟುಕು ಕೊಟ್ಟರು, ನಾನೂ ಕುಡಿದೆ. ಆ ಬೇಸಿಗೆಯ ಮಧ್ಯಾಹ್ನಗಳಷ್ಟು ಸುಖ ನಾನು ಮುಂದೆ ಕಂಡಿಲ್ಲ, ಹಿಂದೆಯೂ ಕಂಡಿರಲಿಲ್ಲ.

ಆದರೆ ಆಷಾಢ ಬಂದಾಗ ಹೆದರಿಕೆ ಶುರುವಾಯಿತು. ಹೆಂಡ ವಾರಕ್ಕೆರಡು ಸಲದಿಂದ ದಿನಕ್ಕೊಂದು ಸಲವಾಗಿತ್ತು. ನಡುವಿನ ಸುತ್ತ ಮಾಂಸ ಸಡಿಲವಾಗಿತ್ತು. ಹಿತ್ತಲಿನಲ್ಲಿ ನೂರು ಬಸ್ಕಿ ಹೊಡೆಯುವಷ್ಟರಲ್ಲಿ ಬಾಯಿ ತೆರೆದು ಉಸಿರಾಡುತ್ತಿದ್ದರು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಶ್ರಾವಣದ ಮೊದಲ ಶನಿವಾರ ಪೈಲ್ವಾನರು ಗರಡಿಗೆ ಇಳಿಯುವ ಮುಂಚೆ ಒಬ್ಬೊಬ್ಬರ ಮನೆಯ ಹೆಂಗಸೂ ಒಂದೊಂದು ಗಡಿಗೆ ಮಜ್ಜಿಗೆ ತರಬೇಕು. ಒಳಗಿನ ಕೆಮ್ಮಣ್ಣನ್ನು ಹದ ಮಾಡುವುದಕ್ಕೆ ಆ ಮಜ್ಜಿಗೆ. ಹೆಂಗಸರು ಒಳಗೆ ಕಾಲಿಡುವಂತಿಲ್ಲ. ಹೊಸ್ತಿಲಾಚೆ ನಿಂತ ಉಸ್ತಾದರು "ಮನೆ ಚೊಕ್ಕವಾ?" ಎಂದು ಕೇಳುತ್ತಾರೆ. ಬಿಡುವಿನಲ್ಲಿ ಕುಡಿತ ಮೋಜು ಏನೂ ನಡೆದಿಲ್ಲವೇ ಎಂದು ಅದರ ಅರ್ಥ. "ಚೊಕ್ಕ" ಎಂದು ಹೇಳಿ ಗಡಿಗೆ ದಾಟಿಸಬೇಕು. ಸುಳ್ಳು ಹೇಳಿದ ಮನೆಯ ಮಜ್ಜಿಗೆ ಬಿದ್ದರೆ ಆ ಮಣ್ಣು ಆ ಮನೆಯ ಪೈಲ್ವಾನನ ಕತ್ತು ಮುರಿಯುತ್ತದೆ ಎನ್ನುತ್ತಿದ್ದರು. ಮಾಗಡಿಯ ಕಡೆ ಒಬ್ಬ ಪೈಲ್ವಾನ ಕತ್ತು ಉಳುಕಿ ಹಾಸಿಗೆ ಹಿಡಿದಿದ್ದ, ಅವನ ಹೆಂಡತಿ ಸುಳ್ಳು ಹೇಳಿದ್ದಳಂತೆ. ಐದು ವರ್ಷ ನಾನು ನಿಜವಾಗಿಯೇ ಚೊಕ್ಕ ಎಂದಿದ್ದೆ.

ತಡೆಯಲಾರದೆ ಒಂದು ದಿನ ಉಸ್ತಾದರ ಮನೆಗೆ ಹೋದೆ. ಹೊಟ್ಟೆಪಾಡಿಗೆ ಅವರದು ಬೊಂಬೆಯ ಕೆಲಸ. ತಿರುಗುವ ಮರದ ತುಂಡಿಗೆ ಅರಗು ಹಿಡಿದು ಬಣ್ಣ ಹಚ್ಚುತ್ತ ಕೂತಿದ್ದರು.

"ಬಿಡುವಲ್ಲಿ ಒಸಿ ಕುಡುದ್ರೆ ಏನಾಯ್ತದೆ ಉಸ್ತಾದ್ರೆ?" ಎಂದು, ಯಾರದೋ ಮಾತೆಂಬಂತೆ ಕೇಳಿದೆ.

ಅವರು ಕೈ ನಿಲ್ಲಿಸಲಿಲ್ಲ. "ನಾನೂ ಕುಡ್ದಿದ್ದೆ ಬೇಟಿ. ವಯಸ್ಸಿತ್ತು. ಮೂರು ವರ್ಸ ಏನೂ ಆಗ್ನಿಲ್ಲ. ನಾಕ್ನೇ ವರ್ಸ ಮೈಸೂರಲ್ಲಿ ದಮ್ಮು ಸಾಲ್ದೆ ಬಿದ್ದೆ. ಮೈಗೆ ಬಿಡುವು ಅನ್ನೋದು ತಿಳಿಯಕಿಲ್ಲ. ನಾವು ಮಾಡಿದ್ದೆಲ್ಲ ಮಡಿಕ್ಕಂಡಿರ್ತದೆ."

"ಹಂಗಾದ್ರೆ ಗಡಿಗೆ ತರೋವಾಗ..."

"ಕೇಳಾದು ನನ್ನ ಕೆಲ್ಸ. ಹೇಳಾದು ನಿನ್ನ ಕೆಲ್ಸ," ಎಂದು ಬೊಂಬೆಯನ್ನು ಬಿಸಿಲಿಗೆ ಎತ್ತಿ ನೋಡಿದರು. ನಿಜ ಹೇಳು ಎಂದು ಎಚ್ಚರಿಸುತ್ತಿದ್ದಾರೆ ಎಂದು ನಾನು ತಿಳಿದೆ. ಎಂಥ ದಡ್ಡಿ ನಾನು.

ಆ ಶನಿವಾರ ಗರಡಿಯ ಮುಂದೆ ಏಳೆಂಟು ಹೆಂಗಸರು ಸಾಲಾಗಿ ನಿಂತಿದ್ದೆವು. ನಮ್ಮವರು ಮಿಕ್ಕ ಪೈಲ್ವಾನರೊಂದಿಗೆ ಬೇವಿನ ಮರದ ಕೆಳಗೆ ನಿಂತಿದ್ದರು, ಪಕ್ಕದಲ್ಲಿ ಯಜಮಾನರು. ನನ್ನ ಮುಂದಿದ್ದವಳ ಗಂಡ ಬೇಸಿಗೆಯಿಡೀ ಪಕ್ಕದ ಊರಾದ ಕ್ಲೋಸ್‌ಪೇಟೆಯ ಹೆಂಡದಂಗಡಿಯಲ್ಲಿ ಬಿದ್ದಿದ್ದ. ಅದು ಊರಿಗೇ ಗೊತ್ತು. ಅವಳು ಕಣ್ಣು ಮಿಟುಕಿಸದೆ "ಚೊಕ್ಕ" ಎಂದಳು. ಉಸ್ತಾದರು ಗಡಿಗೆ ಇಸಿದುಕೊಂಡರು. ಇವಳಿಗೆ ಗಂಡನ ಕತ್ತಿನ ಮೇಲೆ ಆಸೆಯಿಲ್ಲವೇ ಎಂದುಕೊಂಡೆ. ಅಷ್ಟರಲ್ಲಿ ನನ್ನ ಸರದಿ ಬಂತು.

"ಮನೆ ಚೊಕ್ಕವಾ?"

ನಾನು ಗಡಿಗೆಯನ್ನು ಎದೆಗೆ ಒತ್ತಿ ಹಿಡಿದೆ. ಉಸ್ತಾದರು ಎರಡು ಕೈ ಮುಂದೆ ಚಾಚಿ, ಇನ್ನೊಂದು ಸಲ, ದನಿ ತಗ್ಗಿಸಿ ಕೇಳಿದರು. ಅವರ ಕೈ ಗಡಿಗೆಯನ್ನು ಆಗಲೇ ಮುಟ್ಟಿತ್ತು. ನಾನು ಬಿಟ್ಟುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ಲ," ಎಂದೆ. "ಕುಡುದವ್ರೆ. ನಾನೇ ತಂದ್ಕೊಟ್ಟೆ. ನಾನೂ ಕುಡ್ದಿವ್ನಿ."

ನಿಜ ಹೇಳಿದರೆ ಆ ವರ್ಷ ಅವರನ್ನು ಇಳಿಸುವುದಿಲ್ಲ, ಮನೆಗೆ ಕಳಿಸುತ್ತಾರೆ, ಯಜಮಾನರು ಮನೆ ಬಿಡಿಸಿದರೆ ಕುದೂರಿಗೆ ಹೋಗಿ ರಾಗಿ ಬೆಳೆದುಕೊಂಡು ಬದುಕುತ್ತೇವೆ ಎಂಬ ಆಸೆಯೂ ನನಗಿತ್ತು. ಅದನ್ನು ಈಗ ಮುಚ್ಚಿಡುವುದೇಕೆ? ಕತ್ತಿನ ಭಯ ಅರ್ಧ, ಈ ಆಸೆ ಅರ್ಧ.

ಯಜಮಾನರು ಮರದ ಕೆಳಗಿಂದ ಬಂದರು. ಸಿಟ್ಟು ಮಾಡಲಿಲ್ಲ. ಉಸ್ತಾದರೊಂದಿಗೆ, ಇನ್ನಿಬ್ಬರು ಹಿರಿಯರೊಂದಿಗೆ ಒಂದು ಗಳಿಗೆ ಮಾತಾಡಿದರು. ನನ್ನ ಗಡಿಗೆಯನ್ನು ರಸ್ತೆಯ ಬದಿಗೆ ಚೆಲ್ಲಿಸಿದರು. ಅವರ ಮನೆಯಿಂದಲೇ ಬೇರೆ ಗಡಿಗೆ ಬಂತು.

"ಪೈಲ್ವಾನಂದೇನೂ ತಪ್ಪಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಮನೆ ಸರಿಯಿಲ್ಲ. ಇನ್ಮೇಲೆ ಇವನಿಗೆ ಬಿಡುವು ಬ್ಯಾಡ. ವರ್ಸ ಪೂರ್ತಿ ಇಲ್ಲೇ ಇರ್ಲಿ. ನೀನು ಮನೇಲಿರವ್ವ, ನಿಂಗೇನೂ ಕಮ್ಮಿ ಮಾಡಕಿಲ್ಲ."

ನಮ್ಮವರು ನನ್ನ ಕಡೆ ನೋಡಿದರು. ಯಜಮಾನರು ಅವರ ಬೆನ್ನ ಮೇಲೆ ಕೈಯಿಟ್ಟರು, ಅವರು ತಲೆ ಬಗ್ಗಿಸಿ ಗರಡಿಯ ಗಿಡ್ಡ ಬಾಗಿಲಲ್ಲಿ ಒಳಗೆ ಹೋದರು.

ಆ ದಸರೆಯಲ್ಲಿ ನನ್ನ ಮುಂದೆ ನಿಂತು ಸುಳ್ಳು ಹೇಳಿದವಳ ಗಂಡನೂ ಗೆದ್ದ, ನಮ್ಮವರೂ ಗೆದ್ದರು. ಯುಗಾದಿ ಬಂತು, ಅವರು ಬರಲಿಲ್ಲ. ನಾನು ದೀಪ ಹಚ್ಚಿಕೊಂಡು ಕೂತೆ. ಜಗುಲಿಯಲ್ಲಿ ಈಗ ಯಾರೂ ಇರುತ್ತಿರಲಿಲ್ಲ, ಬೇಕಾದಷ್ಟು ಗಟ್ಟಿಯಾಗಿ ಮಾತಾಡಬಹುದಿತ್ತು. ಮಾತಾಡಲು ಜನವಿರಲಿಲ್ಲ, ಅಷ್ಟೇ. ಶನಿವಾರ ಶನಿವಾರ ಮಂಡಿಗೆ ಹಚ್ಚುವ ಹರಳೆಣ್ಣೆ ಕಾಯಿಸಿ ಗರಡಿಯ ಬಾಗಿಲಿಗೆ ಒಯ್ದು ಕೊಡಲು ಮಾತ್ರ ನನಗೆ ಅಪ್ಪಣೆಯಿತ್ತು. ಸಾಮಾನ್ಯವಾಗಿ ಬೇರೆ ಯಾರಾದರೂ ಬಂದು ಇಸಿದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮವರೇ ಬಾಗಿಲಿಗೆ ಬಂದರು. ಒಳಗೆ ಎಲ್ಲರೂ ಮಲಗಿದ್ದರು. ಮೈ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಸೋತಿತ್ತು.

"ಎಲ್ಲಾರೂ ಸುಳ್ಳೇ ಹೇಳಾದು ಕಣಮ್ಮಿ," ಎಂದರು. ಬೈಗುಳದ ದನಿಯಲ್ಲ. "ಉಸ್ತಾದ್ರಿಗೂ ಗೊತ್ತು. ಅವ್ರು ಅದ್ನೇ ಕಾಯ್ಕಂಡು ನಿಂತಿದ್ರು. ನಿಂಗೆ ತಿಳೀನಿಲ್ವಾ?"

"ತಿಳೀನಿಲ್ಲ. ನಿಮ್ಮ ಕತ್ತು ಮುರೀತದೆ ಅಂತ ಹೆದರ್ಕಂಡೆ."

ಅವರು ಕೈಯೆತ್ತಿ ಕತ್ತನ್ನು ಅತ್ತ ಇತ್ತ ತಿರುಗಿಸಿ ಸವರಿಕೊಂಡರು.

"ಚೆನ್ನಾಗೇ ಐತೆ," ಎಂದರು. "ಉಸ್ತಾದ್ರು ಹೇಳ್ತಾವ್ರೆ, ಈ ಮೈ ಇನ್ನೂ ಎಂಟತ್ತು ವರ್ಸ ಬತ್ತದಂತೆ."

ಒಂಬತ್ತು ವರ್ಷ ಬಂತು, ಒಂದು ಯುಗಾದಿಗೂ ಅವರು ಮನೆಗೆ ಬರಲಿಲ್ಲ.