ಎಂಟು ಜನ ಒಟ್ಟಿಗೆ ಸೇವ್ ಒತ್ತಿದಾಗ

"ಎಸ್ಸೆಸ್ಸೆಲ್ಸಿ ಫೇಲಾದೋಳು ಕಂಪ್ಯೂಟ್ರು ರಿಪೇರಿ ಮಾಡ್ತಾಳಂತೆ, ಕೇಳ್ರಪ್ಪ" ಎಂದು ಬಿಳಿಗೆರೆಯ ನಮ್ಮ ಸೋದರಮಾವ ಊರವರ ಮುಂದೆ ನಕ್ಕಿದ್ದರು. ನಾನು ಹಳೇ ಪುಸ್ತಕಗಳನ್ನು ಓದಿಯೇ ಕಲಿತೆ.

ನರಸೀಪುರದ ಒಂದು ಅಕ್ಕಿ ಗಿರಣಿಯಲ್ಲಿ ಎಂಟು ಗುಮಾಸ್ತರು ಒಂದೇ ಲಿನಕ್ಸ್ ಸರ್ವರಿನಲ್ಲಿ ತೂಕದ ಚೀಟಿ ಮಾಡುತ್ತಾರೆ. ಸುಗ್ಗಿಯಲ್ಲಿ ಅದು ತೆವಳುತ್ತಿತ್ತು. ಭತ್ತದ ಟ್ರ್ಯಾಕ್ಟರುಗಳು ರಸ್ತೆಯವರೆಗೂ ನಿಲ್ಲುತ್ತಿದ್ದವು. ಸರಿಮಾಡಿದರೆ ವರ್ಷದ ಕೆಲಸ ನನಗೆ, ಇಲ್ಲದಿದ್ದರೆ ಮೈಸೂರಿನ ಇಂಜಿನಿಯರಿಗೆ ಎಂದರು ಮಾಲೀಕರು. ಸ್ವಂತ ಮೆಮೊರಿ, ಬ್ಯಾಟರಿ ಎರಡೂ ಇರುವ ಡಿಸ್ಕ್ ಕಂಟ್ರೋಲರ್ ಕಾರ್ಡೊಂದನ್ನು ನಾನೇ ಕೊಂಡು ಹಾಕಿದೆ.

ನೋಡಲು ಬಂದ ಇಂಜಿನಿಯರ್ ನಕ್ಕರು. "ಒಂದ್ಸಲ ಓದಿದ್ದನ್ನ ಲಿನಕ್ಸೇ ಮೆಮೊರೀಲಿ ಇಟ್ಕೊಳ್ಳುತ್ತೆ ಮೇಡಂ. ಈ ಕಾರ್ಡು ದಂಡ."

ಹಳೇ ಚೀಟಿಗಳ ಪಟ್ಟಿಗಳನ್ನು ತೆರೆಸಿ ನೋಡಿದೆವು. ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ನನ್ನ ಮುಖ ಸಣ್ಣಗಾಯಿತು. ಆದರೆ ರೈತರು ಕಾಯುತ್ತಿದ್ದುದು ಪಟ್ಟಿ ಓದುವುದಕ್ಕಲ್ಲ, ಚೀಟಿ ಡಿಸ್ಕಿಗೆ ಬರೆದು ಮುಗಿಯುವುದಕ್ಕೆ.

"ಎಲ್ರೂ ಒಟ್ಟಿಗೆ ಸೇವ್ ಒತ್ರಪ್ಪ" ಎಂದೆ.

ಎಂಟು ಚೀಟಿಗಳೂ ತಕ್ಷಣ ಬಂದವು. ಕಾರ್ಡು ಅವನ್ನು ತನ್ನ ಮೆಮೊರಿಯಲ್ಲಿ ಹಿಡಿದುಕೊಂಡು ಡಿಸ್ಕಿಗೆ ಆಮೇಲೆ ಬರೆಯುತ್ತದೆ, ನಡುವೆ ಕರೆಂಟ್ ಹೋದರೂ ಬ್ಯಾಟರಿ ಕಾಯುತ್ತದೆ.

"ಇದೇನಕ್ಕ, ಟೀ ಕುಡಿಯಾಕೂ ಬಿಡಲ್ವಲ್ಲ ಇದು!" ಎಂದರು ಹಿರಿಯ ಗುಮಾಸ್ತರು.

ಇಂಜಿನಿಯರ್ ಇನ್ನೊಮ್ಮೆ ಒತ್ತಿಸಿ ನೋಡಿದರು. "ಬರಿಯೋದ್ರಲ್ಲಿ ನೀವು ಗೆದ್ರಿ ಮೇಡಂ."

"ಓದೋದ್ರಲ್ಲಿ ನೀವು ಗೆದ್ರಿ ಸಾರ್" ಎಂದೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

ಈಗ ನಂಜನಗೂಡಿನಲ್ಲಿ ನನ್ನದೇ ಅಂಗಡಿಯಿದೆ, ಆ ಗಿರಣಿಯೂ ಸೇರಿ ನಾಲ್ಕು ಗಿರಣಿಗಳ ಕೆಲಸವಿದೆ. ಆ ಕಾರ್ಡಿಗೆಂದು ಮಾರಿದ ಕಿವಿಯೋಲೆಯ ಜಾಗದಲ್ಲಿ ಇನ್ನೂ ಬೇವಿನ ಕಡ್ಡಿಯೇ ಇದೆ. ಮಾವನಿಗೆ ನಗುವುದಕ್ಕೆ ಅದೊಂದೇ ಉಳಿದಿರುವುದು.